ಬರವನ್ನು ಯಾವ ಅಧ್ಯಾಯದಲ್ಲಿ ಬರೆಯಬೇಕು?

1884ರ ಬಿಜಾಪುರ ಗ್ಯಾಸೆಟಿಯರ್: ಒಂದು ವಿಮರ್ಶೆ

ಮೇ ತಿಂಗಳು ಮುಗಿಯುತ್ತ ಬಂದಂತೆ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ರೈತರ ಮಾತಿನಲ್ಲಿ ಒಂದು ಪರದೇಶದ ಪದ ಸುಳಿದಾಡುವುದನ್ನು ನೀವು ಕೇಳಿರಬಹುದು. ಈ ವರ್ಷ ‘ಎಲ್ ನಿನೊ’ ಇದೆಯಂತೆ, ಮಳೆ ಕಡಿಮೆಯಂತೆ ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ಆಡಿಕೊಳ್ಳುತ್ತಾರೆ. ಪದ ಸ್ಪ್ಯಾನಿಷ್ ಭಾಷೆಯದು. ಅದರ ಅರ್ಥ ‘ಬಾಲಕ’. ಇನ್ನೂ ನಿಖರವಾಗಿ ಹೇಳುವುದಾದರೆ ‘ಬಾಲಯೇಸು’. ದಕ್ಷಿಣ ಅಮೆರಿಕದ ಪೆರು ದೇಶದ ಉತ್ತರ ಕರಾವಳಿಯ ಮೀನುಗಾರರು, ಕ್ರಿಸ್‌ಮಸ್ ಹಬ್ಬದ ಆಸುಪಾಸಿನಲ್ಲಿ ತಮ್ಮ ಕಡಲಿಗೆ ಬರುತ್ತಿದ್ದ ಬೆಚ್ಚನೆಯ ನೀರಿನ ಪ್ರವಾಹಕ್ಕೆ ಆ ಹೆಸರಿಟ್ಟರು. 1892ರಲ್ಲಿ ಕಮಿಲೊ ಕರಿಯೊ ಎಂಬ ನೌಕಾ ಅಧಿಕಾರಿ ಲಿಮಾ ನಗರದ ಭೂಗೋಳ ಸಂಘದ ಮುಂದೆ ಈ ಹೆಸರನ್ನು ಪ್ರಸ್ತಾಪಿಸಿದ ಮೇಲೆ ಅದು ವಿದ್ವಾಂಸರ ಪದಕೋಶವನ್ನು ಸೇರಿತು. ಪೆರುವಿನ ಕಡಲು ಕಾದರೆ ಡೋಣಿ ನದಿಯ ಸಾಲಿನಲ್ಲಿ ಮಳೆ ಹಿಂಜರಿಯುವ ಸಂಭವ ಹೆಚ್ಚುತ್ತದೆ ಎಂಬುದು ಇಂದಿನ ಹವಾಮಾನ ಶಾಸ್ತ್ರದ ತಿಳಿವಳಿಕೆ.

ಆದರೆ ಮಳೆ ಹಿಂಜರಿಯುವುದು ಒಂದು ಸಂಗತಿ. ಮನುಷ್ಯ ಹಸಿದು ಸಾಯುವುದು ಇನ್ನೊಂದು ಸಂಗತಿ. ಮೊದಲನೆಯದರಿಂದ ಎರಡನೆಯದು ತಾನಾಗಿಯೇ ಹುಟ್ಟುತ್ತದೆ ಎಂದು ನಾವು ಸಲೀಸಾಗಿ ನಂಬಿಬಿಡುತ್ತೇವೆ. ಈ ನಂಬಿಕೆ ನಮ್ಮೊಳಗೆ ಬೇರೂರಿದ ಬಗೆಯನ್ನು ಅರಿಯಬೇಕಾದರೆ ನಮ್ಮ ಜಿಲ್ಲೆಯ ಕುರಿತು ಬರೆಯಲಾದ ಒಂದು ದೊಡ್ಡ ಗ್ರಂಥವನ್ನು ಕೈಗೆತ್ತಿಕೊಳ್ಳಬೇಕು. ಅದು 1884ರಲ್ಲಿ ಮುಂಬಯಿಯ ಸರಕಾರಿ ಮುದ್ರಣಾಲಯದಿಂದ ಹೊರಬಂದ ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ಇಪ್ಪತ್ಮೂರನೆಯ ಸಂಪುಟ, ‘ಬಿಜಾಪುರ’.

ಗ್ರಂಥದ ಹಿರಿಮೆ

ಈ ಮಾಲೆಯ ಪ್ರಧಾನ ಸಂಪಾದಕರು ಜೇಮ್ಸ್ ಕ್ಯಾಂಪ್‌ಬೆಲ್. ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರಿತ್ತು. ಆಡಳಿತ ಕೇಂದ್ರವು ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಸ್ಥಳಾಂತರಗೊಂಡದ್ದು 1885ರಲ್ಲಿ. ಇಂಡಿ, ಸಿಂದಗಿ, ಬಿಜಾಪುರ, ಬಾಗೇವಾಡಿ, ಮುದ್ದೇಬಿಹಾಳ, ಬಾಗಲಕೋಟೆ, ಬಾದಾಮಿ, ಹುನಗುಂದ ಎಂಬ ಎಂಟು ಉಪವಿಭಾಗಗಳ ವಿವರ ಈ ಸಂಪುಟದಲ್ಲಿದೆ. ಭೂವಿವರಣೆ, ಉತ್ಪನ್ನ, ಜನ, ವ್ಯವಸಾಯ, ಬಂಡವಾಳ, ವ್ಯಾಪಾರ, ಕೈಕಸುಬು, ಇತಿಹಾಸ, ಭೂಮಿ, ನ್ಯಾಯ, ಹಣಕಾಸು, ಶಿಕ್ಷಣ, ಆರೋಗ್ಯ ಎಂಬ ಅಧ್ಯಾಯಗಳಾದ ಮೇಲೆ ಉಪವಿಭಾಗಗಳ ಹಾಗೂ ಸ್ಥಳಗಳ ಪರಿಚಯ ಬರುತ್ತದೆ.

ಈ ಗ್ರಂಥದ ಮುಂದೆ ಕುಳಿತವನಿಗೆ ಮೊದಲು ಉಂಟಾಗುವ ಭಾವನೆ ಗೌರವ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಬಗೆಯಿಂದ ಹಿಡಿದು ನೇಕಾರನ ಮಗ್ಗದವರೆಗೆ, ಒಂದೊಂದು ಜಾತಿಯ ಊಟ ಉಡುಗೆಯಿಂದ ಹಿಡಿದು ಸಂತೆಯ ದಿನದವರೆಗೆ, ಅಧಿಕಾರಿಗಳು ಕಲೆಹಾಕಿದ ಸಾಮಗ್ರಿ ಅಪಾರವಾದದ್ದು. ನಮ್ಮ ಊರುಗಳ ಬಗೆಗೆ ನಾವೇ ಅಂದು ಇಷ್ಟು ಬರೆದಿಟ್ಟಿರಲಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿ, 1565ರ ಯುದ್ಧದಿಂದ ಹೆಸರಾದ ತಾಳಿಕೋಟೆ ಇವೆಲ್ಲ ಈ ಪುಟಗಳಲ್ಲಿ ನಮಗೆ ಎದುರಾಗುತ್ತವೆ. ಜಿಲ್ಲೆಯ ಚರಿತ್ರೆ ಬರೆಯುವ ಯಾವ ವಿದ್ವಾಂಸನೂ ಈ ಸಂಪುಟವನ್ನು ದಾಟಿ ಹೋಗಲಾರ. ಆದ್ದರಿಂದ ಮುಂದೆ ನಾನು ಆಡುವ ಆಕ್ಷೇಪದ ಮಾತುಗಳನ್ನು ಋಣ ಮರೆತವನ ಮಾತುಗಳೆಂದು ತಾವು ತಿಳಿಯಬಾರದು. ದೊಡ್ಡ ಗ್ರಂಥದ ಮೇಲೆಯೇ ದೊಡ್ಡ ಪ್ರಶ್ನೆಯನ್ನು ಇಡಲು ಸಾಧ್ಯ.

ಕ್ಷಾಮಕ್ಕೆ ಸಿಕ್ಕ ಸ್ಥಳ

ನನ್ನ ಪ್ರಶ್ನೆ ಬಹಳ ಸರಳವಾದದ್ದು. ಈ ಗ್ರಂಥದಲ್ಲಿ ಬರಗಾಲದ ವೃತ್ತಾಂತ ಯಾವ ಅಧ್ಯಾಯದಲ್ಲಿದೆ?

ಇತಿಹಾಸದ ಅಧ್ಯಾಯದಲ್ಲಿ ಅದು ಇಲ್ಲ. ಅಲ್ಲಿ ಚಾಲುಕ್ಯರು ಬರುತ್ತಾರೆ, ಆದಿಲ್‌ಶಾಹಿ ಸುಲ್ತಾನರು ಬರುತ್ತಾರೆ, 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬನು ಬರುತ್ತಾನೆ, ಪೇಶ್ವೆಗಳು ಬರುತ್ತಾರೆ, 1818ರಲ್ಲಿ ಇಂಗ್ಲಿಷರು ಬರುತ್ತಾರೆ. ಕಂದಾಯವನ್ನು ವಿವರಿಸುವ ‘ಭೂಮಿ’ ಎಂಬ ಅಧ್ಯಾಯದಲ್ಲಿಯೂ ಅದಕ್ಕೆ ಜಾಗವಿಲ್ಲ. ಸರಕಾರದ ಆಯವ್ಯಯ ತಿಳಿಸುವ ‘ಹಣಕಾಸು’ ಅಧ್ಯಾಯದಲ್ಲಿಯೂ ಇಲ್ಲ. ಕ್ಷಾಮವು ಇರುವುದು ‘ವ್ಯವಸಾಯ’ ಅಧ್ಯಾಯದ ತುದಿಯಲ್ಲಿ, ಬೆಳೆಗೆ ತಗಲುವ ರೋಗಗಳ ನೆರೆಯಲ್ಲಿ.

ಅಲ್ಲಿ ಹಳೆಯ ಕ್ಷಾಮಗಳ ಪರಂಪರೆಯೊಂದು ನಮಗೆ ಸಿಗುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ತೊಡಗಿ ಹತ್ತಾರು ವರ್ಷ ಕಾಡಿದ ದುರ್ಗಾದೇವಿ ಬರ. 1791-92ರಲ್ಲಿ ಬಂದು, ಹೂಳುವವರಿಲ್ಲದೆ ನೆಲದ ತುಂಬ ಬಿದ್ದ ತಲೆಬುರುಡೆಗಳಿಂದಾಗಿ ‘ಡೋಗಿ ಬರ’ ಎಂದು ಜನರ ನೆನಪಿನಲ್ಲಿ ಉಳಿದ ಬರ. ಕೊನೆಗೆ, ಗ್ರಂಥ ರಚನೆಯಾಗುವ ಕಾಲಕ್ಕೆ ಇನ್ನೂ ಹಸಿ ಗಾಯವಾಗಿದ್ದ 1876-78ರ ಮಹಾ ಬರ. ಈ ಕೊನೆಯ ಬರದ ಪೆಟ್ಟನ್ನು ಅಳೆಯಲು ಜನಗಣತಿಯ ಅಂಕಿಗಳನ್ನು ನೋಡಿದರೆ ಸಾಕು. 1872ರಲ್ಲಿ ಎಂಟು ಲಕ್ಷವನ್ನು ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6,38,493 ಆಗಿತ್ತು. ಸತ್ತವರು ಎಷ್ಟು, ಊರು ಬಿಟ್ಟು ಹೋಗಿ ಮರಳದವರು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಒಟ್ಟಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಒಂಬತ್ತು ವರ್ಷಗಳ ಅವಧಿಯಲ್ಲಿ ಜಿಲ್ಲೆಯಿಂದ ಇಲ್ಲವಾಗಿದ್ದರು. ಒಂದು ಓಣಿಯಲ್ಲಿ ಐದು ಮನೆಗಳಿದ್ದರೆ ಅವುಗಳಲ್ಲಿ ಒಂದರ ಒಲೆ ಆರಿತ್ತೆಂದು ಭಾವಿಸಿಕೊಳ್ಳಿ.

ಇಷ್ಟು ದೊಡ್ಡ ಘಟನೆ ಇತಿಹಾಸವಲ್ಲವೇ? ಕಾಡಿಗೆ ರೋಗವನ್ನೂ ಇಲಿಗಳ ಹಾವಳಿಯನ್ನೂ ವಿವರಿಸುವ ಅಧ್ಯಾಯದಲ್ಲಿ ಅದನ್ನು ಇರಿಸಿದಾಗ, ಗ್ರಂಥವು ಬಾಯಿಬಿಟ್ಟು ಹೇಳದೆಯೇ ಒಂದು ತೀರ್ಪನ್ನು ನೀಡಿಬಿಡುತ್ತದೆ: ಬರವು ಆಕಾಶದಿಂದ ಬಂದದ್ದು, ಅರಸೊತ್ತಿಗೆಗೂ ಅದಕ್ಕೂ ಸಂಬಂಧವಿಲ್ಲ. ಪಟ್ಟ ಏರಿದವರದು ಚರಿತ್ರೆ. ಹಸಿದು ಸತ್ತವರದು ಹವಾಮಾನ!

ಚದುರಿಹೋದ ಕಾರಣಗಳು

ಈ ಗ್ರಂಥದ ಬಗೆಗೆ ಅನ್ಯಾಯದ ಮಾತು ಆಡಬಾರದು. ಬರದ ಕಾರಣಗಳನ್ನು ಅದು ಬಚ್ಚಿಟ್ಟಿಲ್ಲ. ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಸಿ ಇಟ್ಟಿದೆ. ಅವುಗಳನ್ನು ಒಂದುಗೂಡಿಸುವ ಕೆಲಸ ಓದುಗನ ಪಾಲಿಗೆ ಬಿಟ್ಟದ್ದು. ತಾವು ನನ್ನೊಡನೆ ಆ ಕೆಲಸಕ್ಕೆ ಕೈಹಚ್ಚಬೇಕೆಂದು ಕೋರುತ್ತೇನೆ.

ಮೊದಲು ‘ಭೂಮಿ’ ಅಧ್ಯಾಯವನ್ನು ತೆರೆಯೋಣ. ಮುಂಬಯಿ ಇಲಾಖೆಯ ರೈತವಾರಿ ಪದ್ಧತಿಯಲ್ಲಿ ರೈತನು ಸರಕಾರಕ್ಕೆ ಕಂದಾಯವನ್ನು ನಾಣ್ಯದ ರೂಪದಲ್ಲಿ ಕೊಡಬೇಕಾಗಿತ್ತು. ಬೆಳೆಯಲ್ಲಿ ಪಾಲು ಕೊಡುವ ಪದ್ಧತಿಯಲ್ಲಿ ಬೆಳೆ ಸೋತಾಗ ಅರಸನ ಪಾಲೂ ಸೋಲುತ್ತದೆ. ನಿಗದಿಯಾದ ನಾಣ್ಯಕ್ಕೆ ಅಂಥ ಕರುಣೆಯಿಲ್ಲ. ಸರಕಾರವು ತಾನಾಗಿ ರಿಯಾಯಿತಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅನಂತರ ‘ಬಂಡವಾಳ’ ಎಂಬ ಅಧ್ಯಾಯ. ಇಲ್ಲಿ ಸಾಹುಕಾರನಿದ್ದಾನೆ, ಬಡ್ಡಿಯಿದೆ, ಅಡವಿಟ್ಟ ಹೊಲವಿದೆ. ಕಂದಾಯದ ಕಂತಿಗೆ ನಾಣ್ಯ ಬೇಕು. ನಾಣ್ಯಕ್ಕಾಗಿ ಸಾಹುಕಾರ ಬೇಕು. ಸಾಹುಕಾರನಿಗೆ ರಾಶಿಯ ದಿನ ಕಣದಲ್ಲಿಯೇ ಜೋಳ ಅಳೆದು ಕೊಡಬೇಕು. 1875ರಲ್ಲಿ ಪುಣೆ, ಅಹಮದನಗರ ಕಡೆಯ ರೈತರು ಸಾಹುಕಾರರ ಮೇಲೆ ದಂಗೆಯೆದ್ದರು. ಅದರ ಫಲವಾಗಿ 1879ರಲ್ಲಿ ದಖ್ಖನದ ರೈತರ ಸಾಲ ಪರಿಹಾರ ಕಾಯ್ದೆ ಬಂದಿತು. ಆದರೆ ಆ ಕಾಯ್ದೆಯು ಮೊದಲಿಗೆ ಅನ್ವಯಿಸಿದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಮಾತ್ರ. ಸೊಲ್ಲಾಪುರದ ಮಗ್ಗುಲಲ್ಲಿಯೇ ಇದ್ದು, ಬರದಲ್ಲಿ ಅಷ್ಟು ಜನರನ್ನು ಕಳೆದುಕೊಂಡ ನಮ್ಮ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ದಂಗೆಯೆದ್ದವನಿಗೆ ಕಾನೂನು, ಸುಮ್ಮನೆ ಸತ್ತವನಿಗೆ ಗ್ಯಾಸೆಟಿಯರಿನ ಒಂದು ಪ್ಯಾರಾ ಎಂಬಂತಾಯಿತು.

ಮೂರನೆಯದು ‘ವ್ಯಾಪಾರ’. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ಧಾರವಾಡ, ಕಲಾದಗಿ ಕಡೆಯ ಅರಳೆಗೆ ಕಂಡರಿಯದ ಬೆಲೆ ಬಂದಿತು. ಯುದ್ಧ ನಿಂತಿತು, ಬೆಲೆ ಕುಸಿಯಿತು. ಏರಿದ ಬೆಲೆಯ ಭರವಸೆಯ ಮೇಲೆ ಮಾಡಿದ ಸಾಲವು ಮಾತ್ರ ಕುಸಿಯಲಿಲ್ಲ.

ಇನ್ನು ‘ಕೈಕಸುಬು’. ಬರದಲ್ಲಿ ಉಣ್ಣಲು ಇಲ್ಲದವನು ಸೀರೆ ಕೊಳ್ಳುವುದಿಲ್ಲ. ಹೊಲವಿಲ್ಲದ ನೇಕಾರನು ರೈತನಿಗಿಂತ ಮೊದಲೇ ಉಪವಾಸ ಬೀಳುತ್ತಾನೆ. ಈ ಸರಳ ಸತ್ಯವನ್ನು ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ಬಡತನ ಮತ್ತು ಕ್ಷಾಮಗಳ ಕುರಿತ ಗ್ರಂಥದಲ್ಲಿ ಶಾಸ್ತ್ರೀಯವಾಗಿ ಸ್ಥಾಪಿಸಿದರು. ಧಾನ್ಯವಿದ್ದರೂ ಅದನ್ನು ಪಡೆಯುವ ಹಕ್ಕು, ಅಂದರೆ ಕೊಳ್ಳುವ ಶಕ್ತಿ, ಕೈತಪ್ಪಿದವನು ಹಸಿದು ಸಾಯುತ್ತಾನೆ ಎಂಬುದು ಅವರ ವಾದದ ತಿರುಳು.

ಈ ನಾಲ್ಕೂ ಅಧ್ಯಾಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ 1876ರ ಮಳೆಯ ಸೋಲು ಬೇರೆಯೇ ರೂಪದಲ್ಲಿ ಕಾಣುತ್ತದೆ. ಈ ಸೀಮೆಯ ರೈತರು ಹಿಂದಿನಿಂದಲೂ ಹಗೇವುಗಳಲ್ಲಿ ಜೋಳ ತುಂಬಿ, ನೆಲದೊಳಗೆ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಎರೆ ಮಣ್ಣು ಒಂದು ಸಲ ಕೈಕೊಟ್ಟರೂ ಹಗೇವು ಕೈಹಿಡಿಯುತ್ತಿತ್ತು. ಡೋಣಿ ಸಾಲಿನ ಹೊಲ ಬೆಳೆದರೂ ಉಣ್ಣುವವರಿಲ್ಲ, ಬೆಳೆಯದಿದ್ದರೂ ಉಣ್ಣುವವರಿಲ್ಲ ಎಂಬರ್ಥದ ಗಾದೆಯೊಂದು ಈ ಭಾಗದಲ್ಲಿದೆ. ಬೆಳೆದ ವರ್ಷ ತಿಂದು ಮುಗಿಸಲಾಗದಷ್ಟು, ಬೆಳೆಯದ ವರ್ಷ ತಿನ್ನಲು ಏನೂ ಇಲ್ಲದಷ್ಟು! ಇಂತಹ ನೆಲದಲ್ಲಿ ಬದುಕಬೇಕಾದರೆ ತುಂಬಿದ ವರ್ಷದ ಕಾಳು ಬರಿದಾದ ವರ್ಷಕ್ಕೆ ಉಳಿಯಲೇಬೇಕು. ನಾಣ್ಯದ ಕಂದಾಯವೂ ಸಾಲವೂ ಆ ಕಾಳನ್ನು ಹಗೇವಿಗೆ ಇಳಿಯಗೊಡದೆ ಪೇಟೆಗೆ ಸಾಗಿಸಿದವು.

ಪರಿಹಾರದ ಕೆಲಸಗಳು ನಡೆಯಲಿಲ್ಲವೆಂದಲ್ಲ. ರಸ್ತೆ ಹಾಕಿಸಿದರು, ಕೆರೆ ತೋಡಿಸಿದರು, ಗಂಜಿ ಕೊಟ್ಟರು. ಆದರೆ 1877ರ ಜನವರಿ 1ರಂದು ದಿಲ್ಲಿಯಲ್ಲಿ ರಾಣಿ ವಿಕ್ಟೋರಿಯಾ ಅವರನ್ನು ಸಾಮ್ರಾಜ್ಞಿಯೆಂದು ಸಾರುವ ದರ್ಬಾರನ್ನು ನಡೆಸಿದ ವೈಸರಾಯ್ ಲಿಟನ್ ಅವರು, ಅದೇ ತಿಂಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಅವರನ್ನು ಬರಪೀಡಿತ ಪ್ರಾಂತಗಳಿಗೆ ಕಳಿಸಿದ್ದು ವೆಚ್ಚವನ್ನು ಹಿಡಿತದಲ್ಲಿಡುವ ಉದ್ದೇಶದಿಂದ. ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಸಾಕೆಂದು ಟೆಂಪಲ್ ನಿರ್ಧರಿಸಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಮದರಾಸಿನ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಪುಣೆಯ ಸಾರ್ವಜನಿಕ ಸಭೆಯು ಮನವಿಯ ಮೇಲೆ ಮನವಿ ಬರೆಯಿತು. ಇದೇ ಅವಧಿಯಲ್ಲಿ ಹಿಂದುಸ್ತಾನದ ಬಂದರುಗಳಿಂದ ಗೋಧಿಯ ರಫ್ತು ನಿಲ್ಲಲಿಲ್ಲ. ಟೆಂಪಲ್ ಅವರು ಆ ವರ್ಷವೇ ಮುಂಬಯಿಯ ಗವರ್ನರ್ ಆದರು. ದಕ್ಷಿಣ ಮತ್ತು ಪಶ್ಚಿಮ ಹಿಂದುಸ್ತಾನದಲ್ಲಿ ಆ ಬರಕ್ಕೆ ಬಲಿಯಾದವರು ಐವತ್ತು ಲಕ್ಷಕ್ಕೂ ಮೇಲೆ ಎಂಬುದು ಅನಂತರದ ಅಂದಾಜು.

ಇದಕ್ಕೆ ‘ವ್ಯವಸಾಯ’ ಎಂಬ ಶೀರ್ಷಿಕೆ ಸಾಲುವುದೇ ಎಂದು ತಾವೇ ಹೇಳಿ.

ಪೆರುವಿನಿಂದ ಬಂದ ಇನ್ನೊಂದು ಗ್ರಂಥ

ಒಂದು ದೇಶದ ರಾಜಕೀಯ ಮತ್ತು ಆರ್ಥಿಕ ಚರಿತ್ರೆಯನ್ನು ಬೇರೆ ರೀತಿಯಲ್ಲಿ ಬರೆಯಲು ಸಾಧ್ಯವೇ? ಎಲ್ ನಿನೊ ಎಂಬ ಪದವನ್ನು ಕೊಟ್ಟ ಪೆರು ದೇಶವೇ ಇದಕ್ಕೂ ಒಂದು ನಿದರ್ಶನ ಕೊಟ್ಟಿದೆ.

ಪೆರುವಿಗೂ ಬಿಜಾಪುರಕ್ಕೂ ಎಲ್ಲಿಯ ನಂಟು ಎಂದು ಅಚ್ಚರಿಪಡಬೇಡಿ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಸಿದುಕೊಂಡದ್ದು ಬಿಜಾಪುರದ ಆದಿಲ್‌ಶಾಹಿ ಅರಸರಿಂದ. 1580ರಿಂದ 1640ರವರೆಗೆ ಪೋರ್ಚುಗಲ್ಲಿನ ಕಿರೀಟವು ಸ್ಪೇನಿನ ದೊರೆಯ ತಲೆಯ ಮೇಲಿತ್ತು. ಹಾಗಾಗಿ ಆ ಅರವತ್ತು ವರ್ಷ ಪೆರುವಿನ ಒಡೆಯನೇ ಗೋವೆಗೂ ಒಡೆಯ, ಅಂದರೆ ಬಿಜಾಪುರದ ನೆರೆಯವನು. ಪೆರು ಪ್ರಾಂತಕ್ಕೆ ಸೇರಿದ್ದು ಇಂದು ಬೊಲಿವಿಯಾದಲ್ಲಿರುವ ಪೊಟೊಸಿ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಅಲ್ಲಿಯ ಮೂಲನಿವಾಸಿಗಳನ್ನು ಊರೂರಿನಿಂದ ಸರದಿಯ ಮೇಲೆ ಬಿಟ್ಟಿಗೆ ಹಿಡಿದೊಯ್ದು ಗಣಿಯಲ್ಲಿ ದುಡಿಸಿದರು. ಆ ಬೆಳ್ಳಿಯು ಯುರೋಪಿನ ಮಾರ್ಗವಾಗಿ ಹಿಂದುಸ್ತಾನದ ಪೇಟೆಗಳಿಗೆ ಹರಿದು ಬಂದಿತು. ಇಂದು ನಮ್ಮ ಜೋಳದ ರೊಟ್ಟಿಯ ಪಕ್ಕದಲ್ಲಿರುವ ಶೇಂಗಾ ಹಿಂಡಿಯ ಶೇಂಗಾ, ಅದಕ್ಕೆ ಬೀಳುವ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದಲೇ ಕಡಲು ದಾಟಿ ಬಂದ ಬೆಳೆಗಳು.

ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಬಿಜಾಪುರದಲ್ಲಿ ಆಳುತ್ತಿದ್ದ ಕಾಲದಲ್ಲಿ, ಸುಮಾರು 1615ರಲ್ಲಿ, ಪೆರುವಿನ ಮೂಲನಿವಾಸಿ ಮನೆತನದ ಗ್ವಾಮನ್ ಪೋಮ ಎಂಬ ಮುದುಕನೊಬ್ಬನು ಸ್ಪೇನಿನ ದೊರೆ ಮೂರನೆಯ ಫಿಲಿಪನಿಗೆ ಒಂದು ದೀರ್ಘ ಪತ್ರ ಬರೆದು ಮುಗಿಸಿದನು. ಸುಮಾರು ಸಾವಿರದ ಇನ್ನೂರು ಪುಟಗಳ ಆ ಹಸ್ತಪ್ರತಿಯಲ್ಲಿ ಅವನೇ ಬರೆದ ನಾನೂರರಷ್ಟು ಚಿತ್ರಗಳಿವೆ. ಹಳೆಯ ರಾಜರ ಚರಿತ್ರೆ ಮತ್ತು ಒಳ್ಳೆಯ ಆಡಳಿತ ಎಂಬೆರಡು ವಿಷಯಗಳನ್ನು ಅವನು ಬೇರೆ ಬೇರೆ ಅಧ್ಯಾಯಗಳಿಗೆ ದೂಡಲಿಲ್ಲ. ಗ್ರಂಥದ ಹೆಸರಿನಲ್ಲಿಯೇ ಒಟ್ಟಿಗೆ ಕಟ್ಟಿದನು. ಗಣಿಯ ಬಿಟ್ಟಿ, ಕಂದಾಯದ ಕ್ರೌರ್ಯ, ಅಧಿಕಾರಿಯ ಚಾಟಿ, ವರ್ಷದ ಹನ್ನೆರಡು ತಿಂಗಳ ಬೇಸಾಯ ಎಲ್ಲವೂ ಅದರಲ್ಲಿ ಒಂದೇ ಕಥೆಯ ಅಂಗಗಳು. ಸ್ಥಳೀಯ ಹೆಂಗಸರನ್ನು ಕೂಡಿಹಾಕಿ ಬಟ್ಟೆ ನೇಯಿಸುತ್ತಿದ್ದ ಪಾದ್ರಿಗಳನ್ನೂ ಅವನು ಹೆಸರಿಟ್ಟು ದೂರಿದನು. ಕ್ರೈಸ್ತನಾಗಿದ್ದುಕೊಂಡೇ ಧರ್ಮಸಭೆಯ ಒಳಗಿನ ಅನ್ಯಾಯವನ್ನು ಅವನು ತೋರಿಸಿದ್ದನ್ನು ನಾವು, ಈ ಪತ್ರಿಕೆಯ ಓದುಗರು, ವಿಶೇಷವಾಗಿ ಗಮನಿಸಬೇಕು.

ಅವನೂ ದೋಷರಹಿತನಲ್ಲ. ತನ್ನ ಕುಲದ ಹಿರಿಮೆಯನ್ನು ಹೊಗಳಿಕೊಳ್ಳುತ್ತಾನೆ, ಮಿಶ್ರ ಸಂತಾನದವರನ್ನು ಹೀಗಳೆಯುತ್ತಾನೆ, ಇಸವಿಗಳಲ್ಲಿ ತಪ್ಪುತ್ತಾನೆ. ಕ್ಯಾಂಪ್‌ಬೆಲ್ ಅವರ ಸಂಪುಟದ ಅಂಕಿಅಂಶಗಳ ಶಿಸ್ತು ಅವನಲ್ಲಿಲ್ಲ. ಆದರೆ ಗ್ಯಾಸೆಟಿಯರಿನಲ್ಲಿ ಇಲ್ಲದ ಒಂದು ಗುಣ ಅವನಲ್ಲಿದೆ. ನೋವನ್ನು ಉಂಡವರ ಕಡೆಯಿಂದ ಅವನು ಆಳುವವನನ್ನು ನೇರವಾಗಿ ಸಂಬೋಧಿಸುತ್ತಾನೆ. ಗ್ಯಾಸೆಟಿಯರಿನಲ್ಲಿ ಊರಿನವರ ಮಾತು ಅಧಿಕಾರಿಯ ವರದಿಯೊಳಗಿನಿಂದ ಸೋಸಿ ಬರುತ್ತದೆ. ಆ ಪತ್ರವನ್ನು ದೊರೆ ಓದಿದನೆಂಬುದಕ್ಕೆ ಆಧಾರವಿಲ್ಲ. ಅದು ಕೋಪನ್‌ಹೇಗನ್ ನಗರದ ರಾಜ ಗ್ರಂಥಾಲಯದಲ್ಲಿ ಮೂರು ಶತಮಾನಗಳ ತರುವಾಯ, 1908ರಲ್ಲಿ, ವಿದ್ವಾಂಸರ ಕಣ್ಣಿಗೆ ಬಿದ್ದಿತು.

ಪೆರುವಿನ ಮುಂದಿನ ಚರಿತ್ರೆಯೂ ನಮಗೆ ಅಪರಿಚಿತವೆನಿಸದು. ಸ್ವಾತಂತ್ರ್ಯಾನಂತರ, 1840ರ ದಶಕದಿಂದ ಆ ದೇಶವು ದ್ವೀಪಗಳಲ್ಲಿ ಬೆಟ್ಟದಂತೆ ಬಿದ್ದಿದ್ದ ಕಡಲ ಹಕ್ಕಿಗಳ ಹಿಕ್ಕೆಯನ್ನು ಗೊಬ್ಬರವಾಗಿ ಯುರೋಪಿಗೆ ಮಾರಿ ಕೋಟಿಗಟ್ಟಲೆ ಹಣ ಕಂಡಿತು. ಆ ಹಣದ ಭರವಸೆಯಲ್ಲಿ ರೈಲುದಾರಿಗಳಿಗಾಗಿ ಸಾಲ ಮಾಡಿತು. ಕಲಾದಗಿಯಲ್ಲಿ ಮಳೆ ಸೋತ ಆ 1876ರಲ್ಲಿಯೇ ಸಾಲ ತೀರಿಸಲಾರದೆ ಕೈಚೆಲ್ಲಿತು. 1890ರಲ್ಲಿ ತನ್ನ ರೈಲುದಾರಿಗಳನ್ನು ಸಾಲಿಗರಿಗೆ ಅರವತ್ತಾರು ವರ್ಷಗಳ ಮಟ್ಟಿಗೆ ಒಪ್ಪಿಸಬೇಕಾಯಿತು. ನಮ್ಮ ಅರಳೆಯ ಬೆಲೆಯ ಕಥೆ, ಅವರ ಗೊಬ್ಬರದ ಬೆಲೆಯ ಕಥೆ ಒಂದೇ ಮರದ ಎರಡು ಕೊಂಬೆಗಳು. 1928ರಲ್ಲಿ ಹೊಸೆ ಕಾರ್ಲೋಸ್ ಮರಿಯಾತೆಗಿ ಅವರು ಪೆರುವಿನ ವಾಸ್ತವವನ್ನು ಕುರಿತು ಏಳು ಪ್ರಬಂಧಗಳ ಗ್ರಂಥ ಬರೆದಾಗ, ಮೂಲನಿವಾಸಿಗಳ ಸಮಸ್ಯೆಯೆಂದರೆ ಭೂಮಿಯ ಸಮಸ್ಯೆಯೇ ಎಂದು ವಾದಿಸಿದರು. 1969ರ ಜೂನ್ 24ರಂದು ಅಲ್ಲಿ ಭೂಸುಧಾರಣೆಯ ಕಾಯ್ದೆ ಬಂದಿತು. ಐದು ವರ್ಷಗಳ ಅನಂತರ, ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿದಾರನಿಗೆ ಹೊಲದ ಒಡೆತನ ಕೊಡುವ ತಿದ್ದುಪಡಿ ಜಾರಿಗೆ ಬಂದಿತು. ಲಿಮಾ ನಗರದ ಧರ್ಮಗುರು ಗುಸ್ತಾವೊ ಗುಟಿಯೆರೆಸ್ ಅವರು ವಿಮೋಚನಾ ದೈವಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದ್ದು 1971ರಲ್ಲಿ, ಇದೇ ವಾತಾವರಣದಲ್ಲಿ. 2024ರಲ್ಲ

ಿ ತೊಂಬತ್ತಾರರ ವಯಸ್ಸಿನಲ್ಲಿ ತೀರಿಕೊಂಡ ಆ ಗುರುಗಳು ಜೀವನವಿಡೀ ಎತ್ತಿದ ಪ್ರಶ್ನೆಯೂ ಇದೇ: ಚರಿತ್ರೆಯನ್ನು ಅದರ ಅಡಿಯಲ್ಲಿ ಸಿಲುಕಿದವರ ಕಡೆಯಿಂದ ಓದಿದರೆ ಹೇಗೆ ಕಾಣುತ್ತದೆ?

ಆದಿಕಾಂಡದ ಲೆಕ್ಕ

ನಮಗೆಲ್ಲ ಪರಿಚಿತವಾದ ಇನ್ನೊಂದು ಗ್ರಂಥದಲ್ಲಿಯೂ ಬರದ ವೃತ್ತಾಂತವಿದೆ. ಈಜಿಪ್ಟಿನ ಏಳು ವರ್ಷಗಳ ಬರದಲ್ಲಿ ಜೋಸೆಫನು ಕಣಜ ತೆರೆದು ಜನರನ್ನು ಬದುಕಿಸಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಆದಿಕಾಂಡದ 47ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿ ನೋಡಿ. ಜನರು ಮೊದಲು ಹಣ ಕೊಟ್ಟು ಕಾಳು ಕೊಂಡರು. ಹಣ ತೀರಿದ ಮೇಲೆ ದನಕರು ಕೊಟ್ಟರು. ಕೊನೆಗೆ ಹೊಲವನ್ನೂ ತಮ್ಮ ಮೈಯನ್ನೂ ಫರೋಹನಿಗೆ ಒಪ್ಪಿಸಿದರು. ಪುರೋಹಿತರ ಭೂಮಿ ಮಾತ್ರ ಅವರಲ್ಲಿಯೇ ಉಳಿಯಿತು. ಆ ಪವಿತ್ರ ಗ್ರಂಥದ ಲೇಖಕನು ಬರವನ್ನು ಬೆಳೆರೋಗದ ಪಕ್ಕದಲ್ಲಿ ಇಡಲಿಲ್ಲ. ಅರಸನ ಅಧಿಕಾರ ಬೆಳೆದ ಕಥೆಯ ನಡುವೆ ಇಟ್ಟನು. ಬರವು ಭೂಮಿಯ ಒಡೆತನವನ್ನು ಬದಲಿಸುತ್ತದೆ ಎಂಬುದನ್ನು ಅವನು ಮರೆಮಾಚಲಿಲ್ಲ. ಹಸಿವಿನ ಆರ್ಥಿಕ ಚರಿತ್ರೆಯನ್ನು ಹೀಗೆ ನಾಲ್ಕೈದು ವಾಕ್ಯಗಳಲ್ಲಿ ನೆರೆಯಾಗಿ ಹೇಳಿದ ಬರಹ ಅಪರೂಪ.

ಇಂದಿನ ಗ್ಯಾಸೆಟಿಯರಿಗೆ ನಮ್ಮ ಪ್ರಶ್ನೆ

ಸ್ವಾತಂತ್ರ್ಯ ಬಂದ ಮೇಲೆ, 1966ರಲ್ಲಿ, ಅಂದಿನ ಮೈಸೂರು ರಾಜ್ಯ ಸರಕಾರವು ಬಿಜಾಪುರ ಜಿಲ್ಲೆಗೆ ಹೊಸ ಗ್ಯಾಸೆಟಿಯರ್ ಹೊರತಂದಿತು. ಆಳುವವರು ಬದಲಾಗಿದ್ದರು. ಆದರೂ ದೇಶದ ಎಲ್ಲ ಜಿಲ್ಲೆಗಳಿಗೆಂದು ಕೇಂದ್ರವು ಹಾಕಿಕೊಟ್ಟ ಮಾದರಿಯಲ್ಲಿ ಬರ ಮತ್ತು ಕ್ಷಾಮಗಳಿಗೆ ಸಿಕ್ಕ ಸ್ಥಳ ಮತ್ತೆ ವ್ಯವಸಾಯ ಹಾಗೂ ನೀರಾವರಿಯ ಅಧ್ಯಾಯದಲ್ಲಿಯೇ. ಅಭ್ಯಾಸಬಲವೆಂದರೆ ಇದು.

ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಹೊಸದೊಂದು ಅಧ್ಯಾಯ ಆರಂಭವಾಗಿತ್ತು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆಲಮಟ್ಟಿ ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಬರಕ್ಕೆ ಉತ್ತರ ಕೃಷ್ಣೆಯ ನೀರು ಎಂಬ ನಂಬಿಕೆ ಸುಳ್ಳಲ್ಲ. ಮುಳವಾಡ ಏತ ನೀರಾವರಿಯಿಂದ ಹಸಿರಾದ ಹೊಲಗಳನ್ನು ಬಾಗೇವಾಡಿ ಸೀಮೆಯಲ್ಲಿ ಯಾರೂ ನೋಡಬಹುದು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. 519.6 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಅಲ್ಲಿ 123 ಟಿಎಂಸಿ ಸಂಗ್ರಹವಾಗುತ್ತದೆ. 290 ಮೆಗಾವ್ಯಾಟ್ ವಿದ್ಯುತ್ ಉತ್ಪಾದನೆಯ ಸಾಮರ್ಥ್ಯವಿದೆ.

ಆದರೆ ಈ ಅಂಕಿಗಳ ಕೆಳಗೆ ಹಳೆಯ ಕೊಲ್ಹಾರವಿದೆ, ಹಳೆಯ ಬಾಗಲಕೋಟೆಯ ಬಹುಭಾಗವಿದೆ, ಹೆಸರು ಉಳಿದು ನೆಲ ಹೋದ ಹಳ್ಳಿಗಳಿವೆ. ಪುನರ್ವಸತಿ ಸರಿಯಾಗಿ ನಡೆಯುತ್ತಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕು ತನ್ನ ಸಾಲದ ಹಣವನ್ನು ತಡೆಹಿಡಿಯಬೇಕಾಗಿ ಬಂದಿತ್ತು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣವು ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ನೀಡಿತು. ಅದರಿಂದ ಇನ್ನಷ್ಟು ಹೊಲ, ಇನ್ನಷ್ಟು ಮನೆ ನೀರಿಗೆ ಹೋಗಲಿವೆ. ಆ ವಿಚಾರ ಇನ್ನೂ ಮುಗಿದಿಲ್ಲ. ಆಲಮಟ್ಟಿಯಿಂದ ಅನತಿದೂರದ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಎದ್ದಿದೆ. ಅದನ್ನು ವಿರೋಧಿಸಿ 2014ರ ಜುಲೈಯಲ್ಲಿ ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡೇಟಿನಿಂದ ರೈತರು ಗಾಯಗೊಂಡರು.

ನಾಳೆ ಯಾರಾದರೂ ನಮ್ಮ ಜಿಲ್ಲೆಯ ಗ್ಯಾಸೆಟಿಯರ್ ಬರೆಯುವಾಗ ಇವುಗಳನ್ನು ಎಲ್ಲಿ ಇಡುತ್ತಾರೆ? ನೀರಿನ ಟಿಎಂಸಿ ‘ನೀರಾವರಿ’ಯಲ್ಲಿ, ಮೆಗಾವ್ಯಾಟ್ ‘ವಿದ್ಯುತ್’ನಲ್ಲಿ, ಮುಳುಗಿದ ಹಳ್ಳಿಗಳು ಅನುಬಂಧದ ಒಂದು ಕೋಷ್ಟಕದಲ್ಲಿ ಹೋಗಿ ಕುಳಿತರೆ, 1884ರ ಗ್ರಂಥದ ದೋಷ ಮತ್ತೊಮ್ಮೆ ಪುನರಾವರ್ತನೆಯಾದಂತೆ. ನೀರು ಬಂದ ಮೇಲೂ ಪ್ರತಿವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವೆಗೂ ಮುಂಬಯಿಗೂ ಮಂಗಳೂರಿಗೂ ಗುಳೆ ಹೋಗುವ ಕುಟುಂಬಗಳನ್ನು ಯಾವ ಅಧ್ಯಾಯ ಬರಮಾಡಿಕೊಳ್ಳುತ್ತದೆ? ಅವರ ಮಕ್ಕಳ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಸರಿಯಾಗಿ ನಿಲ್ಲುವುದಿಲ್ಲ.

ಕೊನೆಯ ಮಾತು

ಪ್ರಿಯ ವಾಚಕರೇ, ಮುಂಬಯಿ ಗ್ಯಾಸೆಟಿಯರನ್ನು ಬದಿಗೆ ಸರಿಸಿರೆಂದು ನಾನು ಹೇಳಲಾರೆ. ಅದನ್ನು ಓದಬೇಕು, ಎರಡು ಸಲ ಓದಬೇಕು. ಮೊದಲ ಸಲ ಅದು ಕೊಟ್ಟ ಅನುಕ್ರಮದಲ್ಲಿ. ಎರಡನೆಯ ಸಲ ನಾವೇ ಅನುಕ್ರಮವನ್ನು ಬದಲಿಸಿ, ಬರದ ಪುಟಗಳ ಪಕ್ಕದಲ್ಲಿ ಕಂದಾಯದ ಪುಟಗಳನ್ನೂ ಬಡ್ಡಿಯ ಪುಟಗಳನ್ನೂ ಇಟ್ಟು. ಆಗ ಆ ಗ್ರಂಥವೇ ತಾನು ಹೇಳದ ಸತ್ಯಕ್ಕೆ ಸಾಕ್ಷಿ ನುಡಿಯುತ್ತದೆ. ಅದರ ಕರ್ತೃಗಳ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ.

ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಜೊತೆಗಾರರು ಅಂಬಿಗ, ಮಾದಾರ, ಮಡಿವಾಳ ಮುಂತಾದ ಕಾಯಕದ ಜನ. ತಮ್ಮ ಮಾತನ್ನು ತಾವೇ ಆಡಿ, ತಮ್ಮ ಹೆಸರಿನಲ್ಲಿಯೇ ಉಳಿಸಿಹೋದವರು ಅವರು. ತನ್ನ ಕಥೆಯನ್ನು ಅಧಿಕಾರಿ ಬರೆಯಲಿ ಎಂದು ಕಾಯದ ಪರಂಪರೆ ಈ ನೆಲಕ್ಕೆ ಹೊಸತಲ್ಲ.

ಆದ್ದರಿಂದ ಒಂದು ಸಣ್ಣ ಬಿನ್ನಹ. ತಮ್ಮ ಮನೆಯಲ್ಲಿ 1972ರ ಬರವನ್ನು ಕಂಡ ಅಜ್ಜ ಅಜ್ಜಿಯರಿದ್ದರೆ, ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟ ಬಂಧುಗಳಿದ್ದರೆ, ಅವರ ಪಕ್ಕದಲ್ಲಿ ಕುಳಿತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ವರ್ಷ ಎಷ್ಟು ಚೀಲ ಜೋಳ ಬಂದಿತು, ಯಾರಿಗೆ ಎಷ್ಟು ಕೊಡಬೇಕಾಗಿತ್ತು, ಯಾರು ಸಾಲ ಕೊಟ್ಟರು, ಯಾರು ಕೊಡಲಿಲ್ಲ, ಯಾವ ದಾರಿಯಿಂದ ಎಲ್ಲಿಗೆ ದುಡಿಯಲು ಹೋದರು, ಯಾರು ಮರಳಿ ಬರಲಿಲ್ಲ ಎಂಬಿಷ್ಟನ್ನು ಕೇಳಿದರೆ ಸಾಕು. ಇಸವಿ ತಪ್ಪಿದರೂ ಚಿಂತೆಯಿಲ್ಲ. ಗ್ವಾಮನ್ ಪೋಮನೂ ತಪ್ಪಿದ್ದನು. ಅವನ ಪತ್ರ ಮೂರು ನೂರು ವರ್ಷ ಯಾರೂ ಓದದೆ ಬಿದ್ದಿತ್ತು. ಆದರೂ ಬರೆದದ್ದರಿಂದಲೇ ಅದು ಸಿಕ್ಕಿತು. 1876ರಲ್ಲಿ ನಮ್ಮ ಓಣಿಯ ಐದನೆಯ ಮನೆಯಲ್ಲಿದ್ದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.